ಯಂತ್ರ ನಾದಿದ ಕಣಕ, ಓವನ್‌ನಲ್ಲಿ ಬೆಂದ ಬ್ರೆಡ್

ಬ್ರೆಡ್ ಮೇಕರ್ ಕೊಂಡ ಮೊದಲ ವರ್ಷವಿಡೀ ನಾನು ಹಿಟ್ಟು ಕಲಸುವುದರಿಂದ ಹಿಡಿದು ಬೇಯಿಸುವವರೆಗೆ ಎಲ್ಲವನ್ನೂ ಅದಕ್ಕೇ ಒಪ್ಪಿಸಿದ್ದೆ. ಬ್ರೆಡ್ ಚೆನ್ನಾಗಿಯೇ ಬೇಯುತ್ತಿತ್ತು. ಆದರೆ ಅದು ಡಬ್ಬಿಯ ಆಕಾರದಲ್ಲಿರುತ್ತಿತ್ತು, ತಳದಲ್ಲಿ ನಾದುವ ಅಲಗು ಸಿಕ್ಕಿಕೊಂಡ ತೂತು ಉಳಿಯುತ್ತಿತ್ತು, ಹೊರಪದರವಂತೂ ಬೆರಳಿಟ್ಟರೆ ಒಳಕ್ಕೆ ತಗ್ಗುವಷ್ಟು ಮೆತ್ತಗಿರುತ್ತಿತ್ತು. ಇದರಲ್ಲಿ ಯಂತ್ರದ ದೋಷವೇನೂ ಇಲ್ಲ. ಕಣಕದ ನಾಲ್ಕು ಪಕ್ಕಗಳಿಗೂ ತಳಕ್ಕೂ ಪಾತ್ರೆ ಅಂಟಿಕೊಂಡಿರುವಾಗ ಅಲ್ಲಿಂದ ತೇವ ಹೊರಹೋಗಲು ದಾರಿಯಿರುವುದಿಲ್ಲ, ತೇವ ಹೋಗದೆ ಗರಿಗರಿತನ ಬರುವುದಿಲ್ಲ. ನಾದುವ ಕೆಲಸದಲ್ಲಿ ಮಾತ್ರ ಅದು ನನ್ನ ಕೈಗಿಂತ ಹೆಚ್ಚು ತಾಳ್ಮೆಯುಳ್ಳದ್ದು. ಆದ್ದರಿಂದ ನಾದುವುದನ್ನು ಅದಕ್ಕೆ ಬಿಟ್ಟು, ಬೇಯಿಸುವುದನ್ನು ಓವನ್‌ಗೆ ವಹಿಸಿದೆ.

ಮೊದಲು ಬದಲಾಯಿಸಬೇಕಾದದ್ದು ಅಳತೆ. ಯಂತ್ರದ ಜೊತೆ ಬಂದ ಪುಸ್ತಿಕೆಯ ಪಾಕಗಳಲ್ಲೆಲ್ಲ ಹಾಲು, ಸಕ್ಕರೆ, ಬೆಣ್ಣೆ ಇದ್ದವು. ಇವು ಬ್ರೆಡ್ಡನ್ನು ಮೃದುವಾಗಿಸುವ ಪದಾರ್ಥಗಳು, ನಮಗೆ ಬೇಕಾದದ್ದು ಅದಕ್ಕೆ ವಿರುದ್ಧವಾದ ಗುಣ. ಈಗ ನಾನು ಬಳಸುವುದು 500 ಗ್ರಾಂ ಬ್ರೆಡ್ ಹಿಟ್ಟು (ಪ್ರೋಟೀನ್ ಹೆಚ್ಚಿರುವ ಗೋಧಿ ಹಿಟ್ಟು), 340 ಗ್ರಾಂ ನೀರು, 10 ಗ್ರಾಂ ಉಪ್ಪು, 3 ಗ್ರಾಂ ಇನ್‌ಸ್ಟಂಟ್ ಯೀಸ್ಟ್, ಇಷ್ಟೇ. ಅಲಗಿನ ತಿಕ್ಕಾಟದಿಂದಲೇ ಕಣಕ ಬಿಸಿಯಾಗುವುದರಿಂದ ತಣ್ಣೀರನ್ನೇ ಹಾಕುತ್ತೇನೆ. ಯಂತ್ರ ಶುರುವಾಗಿ ಏಳೆಂಟು ನಿಮಿಷವಾದ ಮೇಲೆ ಮುಚ್ಚಳ ತೆರೆದು ನೋಡುವುದು ಅಗತ್ಯ. ಪುಸ್ತಿಕೆ ಹೇಳುವಂತೆ ಪಾತ್ರೆಗೆ ಅಂಟದೆ ದುಂಡಗೆ ಉರುಳುವ ಉಂಡೆ ಇದಕ್ಕೆ ತುಸು ಗಟ್ಟಿಯಾಯಿತು. ಪಕ್ಕಗಳನ್ನು ಬಿಟ್ಟುಕೊಂಡಿದ್ದರೂ ತಳದಲ್ಲಿ ಸ್ವಲ್ಪ ಅಂಟಿಕೊಂಡು, ಬೆರಳಿನಿಂದ ಮುಟ್ಟಿದರೆ ಒಂದು ಕ್ಷಣ ಹಿಡಿದು ಬಿಡುವ ಕಣಕವೇ ಸರಿಯಾದ ಹದ.

ಬೇಯಿಸದೆ ಕಣಕವನ್ನಷ್ಟೇ ತಯಾರಿಸುವ ಯಂತ್ರದ ಕ್ರಮ ಸಾಮಾನ್ಯವಾಗಿ ಒಂದೂವರೆ ಗಂಟೆಯದು, ಅದರಲ್ಲಿ ಹೆಚ್ಚಿನ ಪಾಲು ಬೆಚ್ಚಗೆ ಉಬ್ಬಿಸುವುದಕ್ಕೆ. ಅವಸರವಿದ್ದರೆ ಅಷ್ಟು ಸಾಕು. ನನಗೆ ರುಚಿ ಮುಖ್ಯವಾದ್ದರಿಂದ ನಾದುವುದು ಮುಗಿದೊಡನೆ ಯಂತ್ರವನ್ನು ನಿಲ್ಲಿಸಿ, ಎಣ್ಣೆ ಸವರಿದ ಪಾತ್ರೆಗೆ ಕಣಕವನ್ನು ಹಾಕಿ, ಮುಚ್ಚಿ, 12ರಿಂದ 16 ಗಂಟೆ ಫ್ರಿಜ್‌ನಲ್ಲಿಡುತ್ತೇನೆ. ತಂಪಿನಲ್ಲಿ ನಿಧಾನವಾಗಿ ಹುದುಗಿದ ಕಣಕದ ಪರಿಮಳ ಬೇರೆಯೇ, ಅದನ್ನು ರೂಪಿಸುವುದೂ ಸುಲಭ.

ರೂಪಿಸುವಾಗ ಹಿಟ್ಟನ್ನು ಹೆಚ್ಚು ಉದುರಿಸಬಾರದು. ಅಂಚುಗಳನ್ನು ಎಳೆದು ನಡುವಿಗೆ ಮಡಚಿ, ಕಣಕವನ್ನು ಬೋರಲು ಹಾಕಿ, ಎರಡೂ ಅಂಗೈಗಳಿಂದ ನನ್ನತ್ತ ಎಳೆದುಕೊಳ್ಳುತ್ತೇನೆ. ಅಡಿಭಾಗ ಮಣೆಗೆ ತುಸು ಅಂಟಿ ನಿಲ್ಲುವುದರಿಂದ ಮೇಲ್ಮೈ ಬಿಗಿಯಾಗುತ್ತ ಹೋಗುತ್ತದೆ. ಮೂರು ನಾಲ್ಕು ಸಲ ಎಳೆದ ಮೇಲೆ ಚರ್ಮದಂತೆ ನಯವಾಗಿ, ಒಳಗಿನ ಗುಳ್ಳೆಗಳು ಕಾಣುವಷ್ಟು ತೆಳ್ಳಗೆ ಬಿಗಿದುಕೊಳ್ಳುತ್ತದೆ. ಈ ಬಿಗಿ ಇಲ್ಲದಿದ್ದರೆ ಬ್ರೆಡ್ ಮೇಲಕ್ಕೇಳದೆ ಅಗಲಕ್ಕೆ ಹರಡಿಬಿಡುತ್ತದೆ. ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ, ಅರೆಬರೆ ತುಂಬಿಕೊಳ್ಳುವಾಗ ಬೇಯಿಸಲು ಸಿದ್ಧವೆಂದು ತಿಳಿಯುತ್ತೇನೆ.

ಮುಚ್ಚಳವಿರುವ ದಪ್ಪ ಕಬ್ಬಿಣದ ಪಾತ್ರೆಯನ್ನು ಓವನ್‌ನಲ್ಲಿಟ್ಟು 240 ಡಿಗ್ರಿ ಸೆಲ್ಸಿಯಸ್‌ನಲ್ಲಿ 45 ನಿಮಿಷ ಕಾಯಿಸುತ್ತೇನೆ. ಬೇಕಿಂಗ್ ಕಾಗದದ ಮೇಲಿಟ್ಟ ಕಣಕಕ್ಕೆ ಬ್ಲೇಡಿನಿಂದ ಓರೆಯಾಗಿ ಒಂದು ಸೆಂಟಿಮೀಟರ್ ಆಳದ ಗೀರು ಹಾಕಿ, ಕಾಗದದ ಸಮೇತ ಪಾತ್ರೆಗಿಳಿಸಿ, ಮುಚ್ಚಳ ಹಾಕಿ 25 ನಿಮಿಷ ಬೇಯಿಸುತ್ತೇನೆ. ಕಣಕದಿಂದಲೇ ಏಳುವ ಹಬೆ ಒಳಗೆ ತುಂಬಿಕೊಂಡು ಮೇಲ್ಮೈಯನ್ನು ಒದ್ದೆಯಾಗಿಡುತ್ತದೆ. ಅದರಿಂದ ಬ್ರೆಡ್ ಉಬ್ಬಿ ಮುಗಿಯುವ ಮುನ್ನ ಹೊರಪದರ ಗಟ್ಟಿಯಾಗುವುದಿಲ್ಲ. ಮೇಲ್ಮೈಯ ಪಿಷ್ಟವೂ ಗಂಜಿಯಂತಾಗಿ, ಮುಂದೆ ಒಣಗಿದಾಗ ಹೊಳಪನ್ನೂ ಗರಿಯನ್ನೂ ಕೊಡುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ನಾನು ಬಹಳ ಕಾಲ ಎಡವಿದ್ದು ಕೊನೆಯ ಹಂತದಲ್ಲಿ. ಮುಚ್ಚಳ ತೆಗೆದು ಹತ್ತು ನಿಮಿಷಕ್ಕೆ ಬ್ರೆಡ್ ಹೊಂಬಣ್ಣಕ್ಕೆ ತಿರುಗುತ್ತಿತ್ತು, ಥರ್ಮಾಮೀಟರ್ ಚುಚ್ಚಿದರೆ ಒಳಗೆ 96 ಡಿಗ್ರಿ ತೋರಿಸುತ್ತಿತ್ತು, ನಾನು ಸಂತೋಷದಿಂದ ಹೊರತೆಗೆಯುತ್ತಿದ್ದೆ. ತಟ್ಟಿದರೆ ಟಣ್ಣೆನ್ನುತ್ತಿದ್ದ ಹೊರಪದರ ಒಂದು ಗಂಟೆಯೊಳಗೆ ತೊಗಲಿನಂತೆ ನಾರಾಗುತ್ತಿತ್ತು. ಹಿಟ್ಟನ್ನು ದೂರಿದೆ, ಯೀಸ್ಟನ್ನು ದೂರಿದೆ, ಕೊನೆಗೆ ತಕ್ಕಡಿಯಲ್ಲಿಟ್ಟು ತೂಗಿದಾಗ ವಿಷಯ ಸ್ಪಷ್ಟವಾಯಿತು. 853 ಗ್ರಾಂ ಕಣಕದಿಂದ ಬಂದ ಬ್ರೆಡ್ 775 ಗ್ರಾಂ ಇತ್ತು, ಅಂದರೆ ಬಹಳಷ್ಟು ನೀರು ಒಳಗೇ ಉಳಿದಿತ್ತು. ಬ್ರೆಡ್ ಆರುವಾಗ ಆ ತೇವ ಹೊರಕ್ಕೆ ಸರಿದು, ತೆಳುವಾಗಿ ಒಣಗಿದ್ದ ಪದರವನ್ನು ನೆನೆಸುತ್ತಿತ್ತು. ಥರ್ಮಾಮೀಟರ್ ಹೇಳುವುದು ಒಳಗು ಬೆಂದಿದೆಯೆಂದು ಮಾತ್ರ. ಹೊರಪದರ ಎಷ್ಟು ದಪ್ಪಕ್ಕೆ ಒಣಗಿದೆಯೆಂದು ಅದಕ್ಕೆ ತಿಳಿಯದು.

ಅಂದಿನಿಂದ ಮುಚ್ಚಳ ತೆಗೆದ ಮೇಲೆ 220 ಡಿಗ್ರಿಯಲ್ಲಿ ಇನ್ನೂ 25 ನಿಮಿಷ ಬಿಡುತ್ತೇನೆ. ಕೊನೆಯ ಎಂಟು ನಿಮಿಷ ಬ್ರೆಡ್ಡನ್ನು ಪಾತ್ರೆಯಿಂದ ತೆಗೆದು ನೇರವಾಗಿ ಜಾಲರಿಯ ಮೇಲಿಟ್ಟು, ಓವನ್ನಿನ ಬಾಗಿಲನ್ನು ಬೆರಳಗಲ ತೆರೆದಿಡುತ್ತೇನೆ. ಬಣ್ಣ ಹೊಂಬಣ್ಣವನ್ನು ದಾಟಿ ಗಾಢ ಕಂದಾಗಬೇಕು, ಗೀರಿನ ಅಂಚು ಕಪ್ಪಿನ ಹತ್ತಿರ ಬಂದರೂ ನಾನು ಹೆದರುವುದಿಲ್ಲ. ಈಗ ತೂಕ 725 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಹೊರತಂದ ಎರಡು ಮೂರು ನಿಮಿಷಕ್ಕೆ, ಆರುತ್ತಿರುವ ಪದರ ಕುಗ್ಗಿ ಸಣ್ಣ ಬಿರುಕು ಬಿಡುವ ಚಟಚಟ ಶಬ್ದ ಶುರುವಾಗುತ್ತದೆ. ಕಿವಿ ಹತ್ತಿರ ತಂದು ಅದನ್ನು ಕೇಳುವುದು ನನಗೆ ಇಂದಿಗೂ ಪ್ರಿಯ.

ಕೊಯ್ಯಲು ಕನಿಷ್ಠ ಒಂದು ಗಂಟೆ ಕಾಯಬೇಕು, ಇಲ್ಲವಾದರೆ ಒಳಗು ಅಂಟಂಟಾಗಿರುತ್ತದೆ. ಉಳಿದದ್ದನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿಡದೆ, ಕೊಯ್ದ ಮುಖವನ್ನು ಮಣೆಗೆ ತಾಗಿಸಿ ಬಟ್ಟೆ ಮುಚ್ಚಿಟ್ಟರೆ ಸಾಕು. ಮರುದಿನ 200 ಡಿಗ್ರಿಯ ಓವನ್‌ನಲ್ಲಿ ಎಂಟು ನಿಮಿಷ ಬಿಸಿ ಮಾಡಿದರೆ ಹೊರಪದರ ಮತ್ತೆ ಗರಿಗರಿಯಾಗುತ್ತದೆ.