ದಾವಣಗೆರೆಯಲ್ಲಿದ್ದುಕೊಂಡು ಬೆಂಗಳೂರು ಎಫ್‌ಸಿಯ ಇಡೀ ಋತುವನ್ನು ಹಿಂಬಾಲಿಸುವ ಬಗೆ

ದಾವಣಗೆರೆ ಅಥವಾ ಚಿತ್ರದುರ್ಗದಲ್ಲಿದ್ದು ರಾಷ್ಟ್ರೀಯ ಫುಟ್ಬಾಲ್ ಲೀಗ್‌ನ ಒಂದು ಋತುವನ್ನು ಮೊದಲ ಪಂದ್ಯದಿಂದ ಕೊನೆಯ ಪಂದ್ಯದವರೆಗೆ ಬಿಡದೆ ನೋಡಬೇಕೆನ್ನುವವರಿಗಾಗಿ ಈ ಬರಹ. ಆ ಲೀಗ್ ಆದ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಕರ್ನಾಟಕದ ತಂಡವೆಂದರೆ ಬೆಂಗಳೂರು ಎಫ್‌ಸಿ ಒಂದೇ. ಅದರ ತವರು ಮೈದಾನವಾದ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್, ಚಿತ್ರದುರ್ಗದಿಂದ ಸುಮಾರು 200 ಕಿಲೋಮೀಟರ್ ದೂರದಲ್ಲಿದೆ. ಕ್ರಿಕೆಟ್ ಆಗಿದ್ದರೆ ನಿನ್ನೆ ಏನಾಯಿತೆಂದು ಚಹಾದಂಗಡಿಯಲ್ಲಿ ಯಾರಾದರೂ ತಾವಾಗಿಯೇ ಹೇಳುತ್ತಿದ್ದರು. ಫುಟ್ಬಾಲ್ ವಿಷಯದಲ್ಲಿ ನಮ್ಮ ಊರುಗಳಲ್ಲಿ ಹಾಗೆ ಮಾತು ಹುಟ್ಟುವುದು ಅಪರೂಪವಾದ್ದರಿಂದ, ಪಂದ್ಯದಿಂದ ಪಂದ್ಯಕ್ಕೆ ಎಳೆ ತಪ್ಪದಂತೆ ಹಿಡಿದಿಟ್ಟುಕೊಳ್ಳುವ ಕೆಲಸವನ್ನು ನೋಡುವವರೇ ಮಾಡಿಕೊಳ್ಳಬೇಕಾಗುತ್ತದೆ. ಅದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉಪಾಯವೆಂದರೆ ಒಂದು ಪುಸ್ತಕ ಇಟ್ಟು ಪ್ರತಿ ಪಂದ್ಯವನ್ನೂ ಕೈಯಾರೆ ಬರೆದುಕೊಳ್ಳುವುದು.

ಬರೆಯಲು ಕೂರುವ ಮೊದಲು ಆ ವರ್ಷದ ಲೀಗ್‌ನ ಸ್ವರೂಪವನ್ನು ತಿಳಿದುಕೊಳ್ಳಿ, ಏಕೆಂದರೆ ಅದು ವರ್ಷದಿಂದ ವರ್ಷಕ್ಕೆ ಬದಲಾಗಿದೆ. ಬೆಂಗಳೂರು ಎಫ್‌ಸಿ ಐಎಸ್‌ಎಲ್ ಸೇರಿದ 2017-18ರಲ್ಲಿ ಹತ್ತು ತಂಡಗಳಿದ್ದು, ಪ್ರತಿ ತಂಡವೂ ಲೀಗ್ ಹಂತದಲ್ಲಿ 18 ಪಂದ್ಯಗಳನ್ನು ಆಡುತ್ತಿತ್ತು. 2024-25ರ ಹೊತ್ತಿಗೆ ತಂಡಗಳು ಹದಿಮೂರಾಗಿ ಪಂದ್ಯಗಳು 24ಕ್ಕೆ ಏರಿದವು. ಆ ಋತುವಿನಲ್ಲಿ ಮೊದಲ ಎರಡು ಸ್ಥಾನದ ತಂಡಗಳು ನೇರವಾಗಿ ಸೆಮಿಫೈನಲ್‌ಗೆ ಹೋದವು; ಮೂರರಿಂದ ಆರನೆಯ ಸ್ಥಾನದವರು ಸೋತವರು ಹೊರಬೀಳುವ ಒಂದೇ ಪಂದ್ಯದ ನಾಕೌಟ್ ಆಡಿದರು; ಸೆಮಿಫೈನಲ್‌ಗಳು ತವರಿನಲ್ಲೊಂದು, ಎದುರಾಳಿಯ ಊರಿನಲ್ಲೊಂದು ಎಂದು ಎರಡು ಪಂದ್ಯಗಳಾಗಿ ನಡೆದವು. ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲೋ ಅಕ್ಟೋಬರಿನಲ್ಲೋ ಆರಂಭವಾಗಬೇಕಾದ ಲೀಗ್, ಅದನ್ನು ನಡೆಸುವ ಒಪ್ಪಂದದ ತಕರಾರಿನಿಂದಾಗಿ 2025ರಲ್ಲಿ ಆ ತಿಂಗಳುಗಳಲ್ಲಿ ಶುರುವಾಗಲೇ ಇಲ್ಲ. ಆದ್ದರಿಂದ ಹೋದ ವರ್ಷದ ಲೆಕ್ಕವನ್ನು ಈ ವರ್ಷಕ್ಕೆ ಹಚ್ಚದೆ, ವೇಳಾಪಟ್ಟಿ ಪ್ರಕಟವಾದ ದಿನವೇ ಎಷ್ಟು ತಂಡ, ಎಷ್ಟು ಪಂದ್ಯ, ಎಷ್ಟು ಸ್ಥಾನಗಳಿಗೆ ಮುಂದಿನ ಹಂತ ಎಂಬ ಮೂರನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಅದರ ಕೆಳಗೆ ಲೀಗ್ ಶೀಲ್ಡ್ ಮತ್ತು ಐಎಸ್‌ಎಲ್ ಕಪ್ ಬೇರೆ ಬೇರೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. 2019-20ರಿಂದ ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದವರಿಗೆ ಶೀಲ್ಡ್ ಕೊಡುವ ಪದ್ಧತಿ ಬಂದಿದೆ. ಕಪ್ ಸಿಗುವುದು ಫೈನಲ್ ಗೆದ್ದವರಿಗೆ.

ಪುಸ್ತಕಕ್ಕೆ ಮಂಡಿಪೇಟೆಯ ಕಡೆಯ ಸ್ಟೇಷನರಿ ಅಂಗಡಿಗಳಲ್ಲಿ ಸಿಗುವ, ರಟ್ಟಿನ ಹೊದಿಕೆಯ ಉದ್ದನೆಯ ಲೆಕ್ಕದ ಪುಸ್ತಕ ಬಹಳ ಅನುಕೂಲ. ಕಾಲಂಗಳು ಮೊದಲೇ ಅಚ್ಚಾಗಿರುತ್ತವೆ, ಒಂದು ಋತುವಿನ ನಂತರವೂ ಹಾಳೆ ಉದುರುವುದಿಲ್ಲ. ಪಂದ್ಯಕ್ಕೆ ಒಂದು ಪುಟ ಮೀಸಲಿಡಿ. ಪುಟದ ತಲೆಯಲ್ಲಿ ದಿನಾಂಕ, ಊರು, ಎದುರಾಳಿ. ಅದರ ಕೆಳಗೆ ಆರಂಭದ ಹನ್ನೊಂದು ಆಟಗಾರರ ಹೆಸರು. ಎಡ ಕಾಲಂನಲ್ಲಿ ನಿಮಿಷ, ಬಲ ಕಾಲಂನಲ್ಲಿ ಆ ನಿಮಿಷದಲ್ಲಿ ನಡೆದದ್ದು. ಗೋಲು, ಕಾರ್ಡ್, ಬದಲಿ ಆಟಗಾರ, ಗಾಯ ಈ ನಾಲ್ಕನ್ನು ತಪ್ಪದೆ ಬರೆದರೆ ಸಾಕು. ಪಂದ್ಯ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ನಿಮ್ಮ ಅಭಿಪ್ರಾಯವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ, ಮತ್ತು ಮರುದಿನ ಪತ್ರಿಕೆಯಲ್ಲಿ ಬೇರೇನಾದರೂ ಓದಿದರೆ ಅದನ್ನು ತಿದ್ದಬೇಡಿ. ನಾಲ್ಕು ತಿಂಗಳ ನಂತರ ತಿರುವಿ ಹಾಕಿದಾಗ ಆ ದಿನ ನಮಗೆ ಕಂಡದ್ದೇನು, ಕಾಣದೆ ಹೋದದ್ದೇನು ಎಂಬುದು ಆ ಒಂದು ವಾಕ್ಯದಿಂದಲೇ ತಿಳಿಯುತ್ತದೆ.

ಉದಾಹರಣೆಗೆ 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧ ನಡೆದ ಫೈನಲ್‌ನ ಪುಟವನ್ನು ತೆಗೆದುಕೊಳ್ಳಿ. ಎಡ ಕಾಲಂನಲ್ಲಿ 49 ಎಂದು ಬರೆದು, ಬಲಕ್ಕೆ "ಆಲ್ಬರ್ಟೊ ರಾಡ್ರಿಗಸ್ ಸ್ವಂತ ಗೋಲು, ಬೆಂಗಳೂರು 1-0" (ಅಂದರೆ ಮೋಹನ್ ಬಾಗಾನ್ ಆಟಗಾರನಿಂದ ಚೆಂಡು ತನ್ನದೇ ತಂಡದ ಗೋಲಿಗೆ ಹೋದದ್ದು) ಎಂದು ಬರೆಯಬೇಕು. ಮುಂದಿನ ಸಾಲಿನಲ್ಲಿ 72: "ಕೈಗೆ ಚೆಂಡು ತಗುಲಿ ಪೆನಾಲ್ಟಿ, ಜೇಸನ್ ಕಮಿಂಗ್ಸ್, 1-1". ತೊಂಬತ್ತು ನಿಮಿಷಕ್ಕೆ ಅಡ್ಡಗೆರೆ ಎಳೆದು ಹೆಚ್ಚುವರಿ ಅವಧಿ ಎಂದು ನಮೂದಿಸಿ, ಅದರ ಕೆಳಗೆ 96: "ಜೇಮಿ ಮ್ಯಾಕ್ಲಾರೆನ್, ಮೋಹನ್ ಬಾಗಾನ್ 2-1". ಇಷ್ಟೇ ಸಾಲುಗಳಲ್ಲಿ ಒಂದು ಕಪ್ ಕೈಗೆ ಬಂದಂತಾಗಿ ಜಾರಿದ ಕಥೆ ಇದೆ. ಮುಖ್ಯಾಂಶಗಳ ವಿಡಿಯೋದಲ್ಲಿ ಮೂರು ಗೋಲುಗಳು ಮೂರು ನಿಮಿಷದೊಳಗೆ ಬಂದುಹೋಗುತ್ತವೆ. ಮುನ್ನಡೆಯನ್ನು 23 ನಿಮಿಷ ಕಾಯ್ದುಕೊಂಡದ್ದರ ಭಾರ ಎಡಗಡೆಯ ಅಂಕಿಗಳನ್ನು ನೋಡಿದಾಗ ಮಾತ್ರ ಅರಿವಿಗೆ ಬರುತ್ತದೆ.

ತಪ್ಪಿಗೆ ಎಚ್ಚರಿಕೆಯಾಗಿ ರೆಫರಿ ತೋರಿಸುವ ಹಳದಿ ಕಾರ್ಡ್‌ಗಳಿಗೆ ಪುಸ್ತಕದ ಕೊನೆಯಲ್ಲಿ ಪ್ರತ್ಯೇಕ ಪುಟವಿರಲಿ. ಲೀಗ್‌ನಲ್ಲಿ ನಾಲ್ಕು ಹಳದಿ ಕಾರ್ಡ್ ಕೂಡಿದ ಆಟಗಾರ ಮುಂದಿನ ಪಂದ್ಯದಿಂದ ಹೊರಗುಳಿಯಬೇಕಾಗುತ್ತದೆ. ಮೂರು ಕಾರ್ಡ್ ಪಡೆದ ರಕ್ಷಣಾ ಆಟಗಾರನೊಬ್ಬ ದೊಡ್ಡ ಪಂದ್ಯದ ಹಿಂದಿನ ವಾರ ಏಕೆ ಮೈಮೇಲೆ ಬೀಳದೆ ಹಿಂದೆ ಸರಿಯುತ್ತಿದ್ದಾನೆ ಎಂಬುದು ಈ ಪುಟ ಇಟ್ಟವರಿಗೆ ಬೇಗ ಹೊಳೆಯುತ್ತದೆ. ಇದೇ ರೀತಿ, ಮೈದಾನದಲ್ಲಿ ಏಕಕಾಲಕ್ಕೆ ನಾಲ್ವರು ವಿದೇಶಿ ಆಟಗಾರರಷ್ಟೇ ಇರಬಹುದೆಂಬ ನಿಯಮವನ್ನು ನೆನಪಿಟ್ಟುಕೊಂಡರೆ ಕೋಚ್ ಮಾಡುವ ಬದಲಾವಣೆಗಳ ಹಿಂದಿನ ಕಾರಣ ಅರ್ಧಕ್ಕರ್ಧ ತಾನಾಗಿ ಬಿಡಿಸಿಕೊಳ್ಳುತ್ತದೆ. ಐವರು ಬದಲಿ ಆಟಗಾರರನ್ನು ಇಳಿಸಬಹುದಾದರೂ ಅದಕ್ಕೆ ಆಟ ನಿಲ್ಲಿಸುವ ಅವಕಾಶ ಮೂರೇ ಬಾರಿ. ವಿರಾಮದ ವೇಳೆಯಲ್ಲಿ ಮಾಡಿದ ಬದಲಾವಣೆ ಈ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಅಂಕಪಟ್ಟಿ. ಗೆಲುವಿಗೆ 3, ಡ್ರಾಗೆ 1 ಅಂಕ ಎಂಬುದು ಎಲ್ಲರಿಗೂ ಗೊತ್ತು. ಆದರೆ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ಅಂಕದ ಕಾಲಂ ಅಲ್ಲ, ಆಡಿದ ಪಂದ್ಯಗಳ ಕಾಲಂ. ಎರಡು ಪಂದ್ಯ ಕಡಿಮೆ ಆಡಿರುವ ತಂಡ ನಾಲ್ಕು ಅಂಕ ಹಿಂದಿದ್ದರೆ ಅದು ನಿಜಕ್ಕೂ ಹಿಂದಿದೆ ಎನ್ನಲಾಗದು. ಎರಡನೆಯದಾಗಿ, ಅಂಕಗಳು ಸಮನಾದಾಗ ಐಎಸ್‌ಎಲ್‌ನಲ್ಲಿ ಮೊದಲು ನೋಡುವುದು ಒಟ್ಟು ಗೋಲು ಅಂತರವನ್ನಲ್ಲ (ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟವನ್ನು ಕಳೆದರೆ ಉಳಿಯುವ ಲೆಕ್ಕ), ಆ ಎರಡು ತಂಡಗಳು ಪರಸ್ಪರ ಆಡಿದ ಪಂದ್ಯಗಳ ಫಲಿತಾಂಶವನ್ನು. ಇಂಗ್ಲೆಂಡಿನ ಲೀಗನ್ನು ನೋಡಿ ಬಂದವರು ಇಲ್ಲಿ ಎಡವುತ್ತಾರೆ. 2018-19ರಲ್ಲಿ ಬೆಂಗಳೂರು ಮತ್ತು ಗೋವಾ ಎರಡೂ 34 ಅಂಕಗಳಲ್ಲಿ ಲೀಗ್ ಹಂತ ಮುಗಿಸಿದವು. ಗೋಲು ಅಂತರ ಗೋವಾದ್ದೇ ಹೆಚ್ಚಿದ್ದರೂ, ಎರಡೂ ಮುಖಾಮುಖಿಗಳನ್ನು ಗೆದ್ದಿದ್ದ ಬೆಂಗಳೂರು ಮೊದಲ ಸ್ಥಾನ ಪಡೆಯಿತು. ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಮತ್ತೆ ಅದೇ ಗೋವಾ ಎದುರಾದಾಗ, ಹೆಚ್ಚುವರಿ ಅವಧಿಯ 117ನೆಯ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿನಿಂದ ಕಪ್ಪೂ ಬಂತು. ಹಾಗಾಗಿ ಪ್ರತಿ ಎದುರಾಳಿಯೊಂದಿಗಿನ ಪಂದ್ಯಗಳ ಪುಟಸಂಖ್ಯೆಯನ್ನು ಒಟ್ಟಿಗೆ ಗುರುತಿಸಿಟ್ಟುಕೊಂಡರೆ ಲೀಗ್ ಹಂತದ ಕೊನೆಯಲ್ಲಿ ಹುಡುಕಾಡಬೇಕಾಗುವುದಿಲ್ಲ.

ಮಂಡಿಯ ಗುಮಾಸ್ತರು ತಿಂಗಳಿಗೊಮ್ಮೆ ಬಾಕಿ ತೆಗೆಯುವಂತೆ, ಐದು ಪಂದ್ಯಕ್ಕೊಮ್ಮೆ ನೀವೂ ಮೊತ್ತ ಹಾಕಿ: ತವರಿನಲ್ಲಿ ಎಷ್ಟು ಅಂಕ, ಹೊರಗೆ ಎಷ್ಟು, ಮೊದಲು ಗೋಲು ಬಿಟ್ಟುಕೊಟ್ಟ ಪಂದ್ಯಗಳಲ್ಲಿ ಎಷ್ಟು ಅಂಕ ವಾಪಸು ಬಂತು, ಕೊನೆಯ ಕಾಲು ಗಂಟೆಯಲ್ಲಿ ಎಷ್ಟು ಗೋಲು ಬಿತ್ತು. ತಂಡದ ದಿಕ್ಕು ಬದಲಾಗುತ್ತಿರುವುದು ಸ್ಥಾನಕ್ಕಿಂತ ಮೊದಲೇ ಈ ಮೊತ್ತಗಳಲ್ಲಿ ಕಾಣಿಸಿಕೊಳ್ಳುತ್ತದೆ. 2022-23ರ ಮೊದಲರ್ಧವನ್ನು ನೋಡಿ ಬೆಂಗಳೂರಿನ ಕಥೆ ಮುಗಿಯಿತೆಂದು ಕೈಬಿಟ್ಟವರು ಬಹಳ ಮಂದಿ. ಆದರೆ ಲೀಗ್ ಹಂತದ ಕೊನೆಯ ಎಂಟೂ ಪಂದ್ಯಗಳನ್ನು ಸಾಲಾಗಿ ಗೆದ್ದ ತಂಡ ನಾಲ್ಕನೆಯ ಸ್ಥಾನಕ್ಕೇರಿತು. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ ನಾಕೌಟ್‌ನ ಹೆಚ್ಚುವರಿ ಅವಧಿಯಲ್ಲಿ ಸುನಿಲ್ ಚೆಟ್ರಿ ತಟ್ಟನೆ ಹೊಡೆದ ಫ್ರೀ ಕಿಕ್ ಗೋಲಾದಾಗ ಎದುರಾಳಿಗಳು ಮೈದಾನವನ್ನೇ ತೊರೆದರು. ಅಲ್ಲಿಂದ ಫೈನಲ್ ತಲುಪಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಅದರ ಮರುವರ್ಷವೇ ಹನ್ನೆರಡು ತಂಡಗಳಲ್ಲಿ ಹತ್ತನೆಯ ಸ್ಥಾನ, ಅದಾದ ವರ್ಷ ಮತ್ತೆ ಮೂರನೆಯ ಸ್ಥಾನ ಮತ್ತು ಫೈನಲ್. ಹೀಗೆ ಏರಿಳಿಯುವ ತಂಡವನ್ನು ಒಂದೆರಡು ಪಂದ್ಯ ನೋಡಿ ಅಳೆಯುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಪಂದ್ಯದ ಪ್ರಸಾರ ಯಾವ ವಾಹಿನಿಯಲ್ಲಿ, ಯಾವ ಆ್ಯಪ್‌ನಲ್ಲಿ ಎಂಬುದು ಹಕ್ಕುಗಳೊಂದಿಗೆ ಬದಲಾಗುತ್ತದೆ. ಕ್ಲಬ್‌ನ ಅಧಿಕೃತ ಪುಟದಲ್ಲಿ ನೋಡಿಕೊಳ್ಳಿ. ರಾತ್ರಿ ಏಳೂವರೆಯ ಪಂದ್ಯವೆಂದರೆ ಒಂಬತ್ತೂವರೆಗೆ ಮುಗಿಯುತ್ತದೆ. ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ನಾಲ್ಕು ಮಂದಿ ಒಟ್ಟಿಗೆ ಕೂತರೆ ಒಬ್ಬರು ನೋಡದೆ ಬಿಟ್ಟದ್ದನ್ನು ಇನ್ನೊಬ್ಬರು ಹೇಳುತ್ತಾರೆ, ಪುಸ್ತಕವೂ ತುಂಬುತ್ತದೆ.

ಋತುವಿನಲ್ಲಿ ಒಂದು ಪಂದ್ಯವನ್ನಾದರೂ ಶ್ರೀ ಕಂಠೀರವ ಕ್ರೀಡಾಂಗಣಕ್ಕೇ ಹೋಗಿ ನೋಡಬೇಕು. ಶನಿವಾರದ ಪಂದ್ಯ ಆರಿಸಿಕೊಂಡರೆ ಮರುದಿನ ವಿಶ್ರಾಂತಿಗೆ ಭಾನುವಾರವಿರುತ್ತದೆ. ಕೇರಳ ಬ್ಲಾಸ್ಟರ್ಸ್ ಬರುವ ದಿನ ಕ್ರೀಡಾಂಗಣ ಕಿಕ್ಕಿರಿಯುವುದರಿಂದ ಆ ಟಿಕೆಟನ್ನು ಮಾರಾಟ ಆರಂಭವಾದೊಡನೆ ಆನ್‌ಲೈನ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಮೊದಲ ಸಲ ಹೋಗುವವರಿಗೆ, ಮಕ್ಕಳನ್ನು ಕರೆದೊಯ್ಯುವವರಿಗೆ, ಅದಕ್ಕಿಂತ ಕಡಿಮೆ ಜನಸಂದಣಿಯ ಪಂದ್ಯವೇ ಲೇಸು. ದಾವಣಗೆರೆಯಿಂದ ಹೊರಡುವವರು ಧಾರವಾಡದಿಂದ ಮಧ್ಯಾಹ್ನ ಬರುವ ವಂದೇ ಭಾರತ್ ರೈಲನ್ನು ನಂಬಬಾರದು. ಅದು ಬೆಂಗಳೂರು ತಲುಪುವಾಗ ಪಂದ್ಯ ಆರಂಭವಾಗಿರುತ್ತದೆ. ಬೆಳಗಿನ ರೈಲು ಅಥವಾ ಬಸ್ ಹಿಡಿದು ಮಧ್ಯಾಹ್ನ ಮೂರರೊಳಗೆ ಮೆಜೆಸ್ಟಿಕ್‌ನಲ್ಲಿರುವುದು ಸುರಕ್ಷಿತ. ಚಿತ್ರದುರ್ಗದವರಿಗೆ ಬಸ್ಸೇ ಸರಿ: ಅವರ ರೈಲು ನಿಲ್ದಾಣ ಚಿಕ್ಕಜಾಜೂರು–ರಾಯದುರ್ಗ ಕವಲು ಮಾರ್ಗದಲ್ಲಿದೆ, ಹೆದ್ದಾರಿಯಾದರೋ ಊರ ಪಕ್ಕದಲ್ಲೇ ಹಾದುಹೋಗುತ್ತದೆ. ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೋದಲ್ಲಿ ಮೂರನೆಯ ನಿಲ್ದಾಣವಾದ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ಕ್ರೀಡಾಂಗಣಕ್ಕೆ ನಡೆದೇ ಹೋಗಬಹುದು.

ಆಸನ ಆರಿಸುವಾಗ ಒಂದು ವಿಷಯ ಗಮನದಲ್ಲಿರಲಿ. ಕಂಠೀರವ ಮೂಲತಃ ಅಥ್ಲೆಟಿಕ್ಸ್ ಕ್ರೀಡಾಂಗಣ. ಮೈದಾನದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಕೆಳಗಿನ ಸಾಲುಗಳಲ್ಲಿ ಕೂತವರಿಗೆ ಆಚೆ ಬದಿಯ ಆಟ ದೂರವಾಗಿಯೂ ಚಪ್ಪಟೆಯಾಗಿಯೂ ಕಾಣುತ್ತದೆ. ಆದಷ್ಟು ಮೇಲಿನ ಸಾಲಿನಲ್ಲಿ ಕೂತರೆ ರಕ್ಷಣಾ ಸಾಲು ಒಟ್ಟಾಗಿ ಮುಂದೆ ಬರುವುದು, ಚೆಂಡು ಆ ಕಡೆ ಇದ್ದಾಗ ಈ ಕಡೆಯ ಆಟಗಾರ ಎಲ್ಲಿ ನಿಂತಿದ್ದಾನೆ ಎಂಬುದು, ಹೀಗೆ ಟಿವಿಯ ಕ್ಯಾಮೆರಾ ಎಂದೂ ಪೂರ್ತಿ ತೋರಿಸದ ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಆಟಕ್ಕಿಂತ ಕೂಗು, ಹಾಡುಗಳ ನಡುವೆ ಇರಬೇಕೆಂಬ ಆಸೆಯಿದ್ದರೆ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿ ಬಳಗದ ಹತ್ತಿರ ಟಿಕೆಟ್ ಕೊಳ್ಳಿ. ಅಲ್ಲಿ ತೊಂಬತ್ತು ನಿಮಿಷವೂ ನಿಂತೇ ಇರಬೇಕಾಗುತ್ತದೆ. ಪಂದ್ಯ ಮುಗಿದೊಡನೆ ಮೆಟ್ರೋ ಹಿಡಿದರೆ ರಾತ್ರಿ ಹನ್ನೊಂದರ ಆಸುಪಾಸಿನಲ್ಲಿ ಹೊರಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗೆ ಸಮಯವಿರುತ್ತದೆ. ಬೆಳಕು ಹರಿಯುವ ಮೊದಲೇ ದಾವಣಗೆರೆ ಬರುವುದರಿಂದ ಅಲಾರಂ ಇಟ್ಟು ಮಲಗಿ. ನಾಕೌಟ್ ಪಂದ್ಯವಾದರೆ ಹೆಚ್ಚುವರಿ ಅವಧಿ, ಶೂಟೌಟ್ ಎಂದು ಇನ್ನೊಂದು ಗಂಟೆ ಹಿಡಿಯಬಹುದು. ಆ ದಿನ ರೈಲಿನ ಬದಲು ತಡರಾತ್ರಿಯ ಬಸ್ಸಿಗೆ ಸೀಟು ಕಾಯ್ದಿರಿಸುವುದು ಉತ್ತಮ.

ಲೀಗ್ ಮುಗಿದರೂ ಪುಸ್ತಕವನ್ನು ಮುಚ್ಚಿಡಬೇಡಿ. ಡುರಾಂಡ್ ಕಪ್ ಮತ್ತು ಸೂಪರ್ ಕಪ್ ಪಂದ್ಯಗಳಿಗೆ ಬೇರೆ ಬಣ್ಣದ ಶಾಯಿಯಲ್ಲಿ ಪುಟಗಳನ್ನು ಮುಂದುವರಿಸಿ. ಬೆಂಗಳೂರು 2018ರಲ್ಲಿ ಸೂಪರ್ ಕಪ್ಪನ್ನೂ 2022ರಲ್ಲಿ ಡುರಾಂಡ್ ಕಪ್ಪನ್ನೂ ಗೆದ್ದಿದೆ, ಮತ್ತು ಲೀಗ್‌ನಲ್ಲಿ ಬೆಂಚಿನಲ್ಲಿದ್ದ ಎಷ್ಟೋ ಹುಡುಗರಿಗೆ ಆಡುವ ಅವಕಾಶ ಮೊದಲು ಸಿಗುವುದು ಇಂಥ ಪಂದ್ಯಾವಳಿಗಳಲ್ಲಿ. ಕ್ಲಬ್‌ನ ವಸತಿ ಅಕಾಡೆಮಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಬಳಿಯ ವಿಜಯನಗರದಲ್ಲಿರುವುದರಿಂದ, ಅಲ್ಲಿ ಬೆಳೆದವರ ಹೆಸರು ತಂಡದ ಪಟ್ಟಿಯಲ್ಲಿ ಬಂದಾಗ ಅದರ ಕೆಳಗೆ ಗೆರೆ ಎಳೆದಿಡಿ. ಕೊನೆಯ ಪುಟದಲ್ಲಿ ಎರಡು ಕಾಲಂ ಮಾಡಿ, ಎಡಕ್ಕೆ ತಂಡ ಬಿಟ್ಟು ಹೋದವರು, ಬಲಕ್ಕೆ ಹೊಸದಾಗಿ ಸೇರಿದವರು ಎಂದು ಕ್ಲಬ್ ಪ್ರಕಟಿಸಿದಂತೆಲ್ಲ ತುಂಬುತ್ತಾ ಹೋದರೆ, ಮುಂದಿನ ವೇಳಾಪಟ್ಟಿ ಬರುವಷ್ಟರಲ್ಲಿ ಹೊಸ ಪುಸ್ತಕದ ಮೊದಲ ಪುಟಕ್ಕೆ ಬೇಕಾದ ಹನ್ನೊಂದು ಹೆಸರುಗಳ ಅಂದಾಜು ನಿಮ್ಮ ಕೈಯಲ್ಲಿರುತ್ತದೆ.