ತಟ್ಟೆ, ಉಲ್ಲನ್ ಮತ್ತು ಸೈಡ್ ಡ್ರಮ್: ಶಾಲೆಯ ಬ್ಯಾಂಡಿಗೊಂದು ಯುದ್ಧಕಾಲದ ಪ್ರದರ್ಶನ

ಮಂಡ್ಯದ ಶಾಲೆಯೊಂದರಲ್ಲಿ ಮಕ್ಕಳಿಗೆ ಬ್ಯಾಂಡ್ ಹೇಳಿಕೊಡುತ್ತೇನೆ. ಯುದ್ಧದ ಪ್ರದರ್ಶನ ಅಂದರೆ ಎಲ್ಲರೂ ಮರದ ಬಂದೂಕು ತರುತ್ತಾರೆ. ಅದು ಬೇಡ. ಆಗ ಮನೆಗಳಲ್ಲಿ ಏನು ನಡೆಯುತ್ತಿತ್ತು, ಅದನ್ನು ತೋರಿಸಿ.

1965ರ ಪಾಕಿಸ್ತಾನ ಯುದ್ಧದಿಂದ ಶುರು ಮಾಡಿ. ವಾರಕ್ಕೊಂದು ಹೊತ್ತು, ಸೋಮವಾರ ರಾತ್ರಿಯ ಊಟ ಬಿಡಿ ಎಂದು ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ಜನರನ್ನು ಕೇಳಿಕೊಂಡಿದ್ದರು. ದೇಶದಲ್ಲಿ ದವಸಕ್ಕೆ ಅಷ್ಟು ಬರ. ಎಂಟು ಮಕ್ಕಳ ಕೈಗೆ ಸ್ಟೀಲ್ ತಟ್ಟೆ, ಚಮಚ ಕೊಡಿ. ಸೈಡ್ ಡ್ರಮ್ ಜೊತೆ ಬಾರಿಸಲಿ. ನಾಲ್ಕನೇ ಸುತ್ತಿಗೆ ಎಲ್ಲರೂ ಒಟ್ಟಿಗೆ ತಟ್ಟೆ ಬೋರಲು ಹಾಕಬೇಕು. ಆಮೇಲೆ ಎಂಟು ಎಣಿಕೆ ಮೌನ. ನಾನು ಮೊದಲ ಸಲ ಹದಿನಾರು ಇಟ್ಟಿದ್ದೆ. ಮುಗೀತು ಅಂತ ಜನ ಚಪ್ಪಾಳೆ ಹೊಡೆದುಬಿಟ್ಟರು!

1962ರ ಚೀನಾ ಯುದ್ಧದಲ್ಲಿ ಹೆಂಗಸರು ಸೈನಿಕರಿಗೆ ಸ್ವೆಟರ್ ಹೆಣೆದರಲ್ಲ, ಆ ಭಾಗ ಕೊಳಲಿನವರಿಗೆ. ಉಲ್ಲನ್ ಉಂಡೆ ಬಿಚ್ಚುತ್ತಾ ನಡೆಯುವ ಐಡಿಯಾ ಸುಮ್ನೆ ಬಿಡಿ, ಕಾಲಿಗೆ ಸುತ್ತಿಕೊಳ್ಳುತ್ತದೆ. ಕುತ್ತಿಗೆಗೆ ಮಫ್ಲರ್ ಸಾಕು.

1971ರ ಪಾಕಿಸ್ತಾನ ಯುದ್ಧದಲ್ಲಿ ದೆಹಲಿಯಂಥ ಊರುಗಳಲ್ಲಿ ಕಿಟಕಿಗೆ ಕಪ್ಪು ಕಾಗದ ಅಂಟಿಸಿ, ಶತ್ರು ವಿಮಾನಕ್ಕೆ ಕಾಣದ ಹಾಗೆ ದೀಪ ಮರೆಮಾಡುತ್ತಿದ್ದರು. ಅದಕ್ಕೆ ರಟ್ಟಿಗೆ ಕಪ್ಪು ಚಾರ್ಟ್ ಅಂಟಿಸಿ. ಬಟ್ಟೆ ಗಾಳಿಗೆ ಹಾರುತ್ತದೆ. ಇಲ್ಲಿ ಬಾಸ್ ಡ್ರಮ್ ಒಂದೇ ನುಡಿಯಲಿ, ಮೇಲೊಂದು ಟವೆಲ್ ಹೊದಿಸಿ.

ನಡಿಗೆ ನಿಮಿಷಕ್ಕೆ 120 ಹೆಜ್ಜೆ. ಭತ್ತದ ಹೊರೆ ಹೊತ್ತ ರೈತರ ದೃಶ್ಯವನ್ನೂ ಸೇರಿಸಿದರೆ, ಅಲ್ಲಿ 90ಕ್ಕೆ ಇಳಿಸಿ. ಹೊರೆ ಹೊತ್ತು ಯಾರೂ ಓಡುವುದಿಲ್ಲ, ಅಲ್ವಾ? ಹೊರೆಯೊಳಗೆ ಜಾಸ್ತಿ ಹುಲ್ಲು ತುಂಬಬೇಡಿ. ಆರನೇ ಕ್ಲಾಸಿನವರ ಕತ್ತು ಅದು.