‘ಸೆಟಲ್ಡ್’ ಆದವರಿಗೂ ಮನೆ ಸಾಲ ಸಿಗುತ್ತದೆ: ಹೀಗೆ ಶುರು ಮಾಡಿ

ನನ್ನ ಭಾವ ದಾವಣಗೆರೆಯಲ್ಲಿ ಮದುವೆ ಕಾರ್ಡ್ ಅಚ್ಚು ಹಾಕುವ ಸಣ್ಣ ಪ್ರೆಸ್ ನಡೆಸುತ್ತಿದ್ದರು. 2020ರ ಲಾಕ್‌ಡೌನ್‌ನಲ್ಲಿ ಮದುವೆಗಳೇ ನಿಂತವು. ವ್ಯಾಪಾರದ ಸಾಲ, ಎರಡು ಕ್ರೆಡಿಟ್ ಕಾರ್ಡ್, ಎಲ್ಲದರ ಕಂತೂ ತಪ್ಪಿತು. ಮಷಿನ್ ಮಾರಿದರು. ಊರಿನವರು ‘ಪಾಪರ್ ಆದ’ ಅಂದರು. ಮುಂದಿನ ವರ್ಷ ಬ್ಯಾಂಕಿನಿಂದ ಫೋನ್ ಬಂತು. ಇಷ್ಟು ಕಟ್ಟಿ, ಉಳಿದದ್ದು ಬಿಡುತ್ತೇವೆ ಎಂದರು. ಅಕ್ಕನ ಬಳೆ ಅಡವಿಟ್ಟು ಕಟ್ಟಿದರು. ಅಲ್ಲಿಗೆ ಸಾಲ ಮುಗಿಯಿತು ಅಂದುಕೊಂಡೆವು.

ಮುಗಿದಿರಲಿಲ್ಲ. ಕೆಲಸಕ್ಕೆ ಸೇರಿ, ನಾಲ್ಕು ಕಾಸು ಕೂಡಿಟ್ಟು, ಮನೆ ಸಾಲ ಕೇಳಲು ಹೋದ ದಿನವೇ ಅರ್ಜಿ ವಾಪಸ್ ಬಂತು. ಸಾಲ ಕಟ್ಟಿದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’, ಅಂದರೆ ಪೂರ್ತಿ ಕಟ್ಟದೆ ಮುಗಿಸಿದ ಸಾಲ, ಎಂಬ ಒಂದೇ ಪದ ಅದಕ್ಕೆ ಕಾರಣ. ಆ ಪದದಿಂದ ಹೊರಬರಲು ನಾವು ಮಾಡಿದ ಕೆಲಸಗಳನ್ನು, ಆಗ ಕಲಿತ ನಿಯಮಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೋರ್ಟಿಗೆ ಹೋಗಿದ್ದಿರಾ?

ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಿದ್ದವರು ಮೊದಲು ಇದನ್ನು ಓದಿ. 2016ರ ದಿವಾಳಿ ಸಂಹಿತೆ ಕಂಪನಿಗಳಿಗೆ ಅನ್ವಯಿಸುತ್ತದೆ. 2019ರ ಡಿಸೆಂಬರ್‌ನಿಂದ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೂ ಬಂತು. ಸಂಬಳದವರಿಗೆ, ಸಣ್ಣ ಅಂಗಡಿಯವರಿಗೆ ನಮ್ಮ ಕಡೆ 1920ರ ಹಳೆಯ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಆ ದಾರಿಯಲ್ಲಿ ಹೋದವರು ಕೋರ್ಟಿನಿಂದ ಡಿಸ್‌ಚಾರ್ಜ್ ಆದೇಶ, ಅಂದರೆ ದಿವಾಳಿತನದಿಂದ ಬಿಡುಗಡೆಯ ಆದೇಶ, ಪಡೆಯುವವರೆಗೆ ಹೊಸ ಸಾಲದ ಯೋಚನೆ ಬಿಡಬೇಕು. ದಿವಾಳಿ ಆಗಿರುವುದನ್ನು ಮುಚ್ಚಿಟ್ಟು ಸಾಲ ಪಡೆದರೆ ಅದೇ ಅಪರಾಧ. ಮೊದಲು ವಕೀಲರನ್ನು ನೋಡಿ.

ನಮ್ಮಲ್ಲಿ ಹೆಚ್ಚಿನವರು ಕೋರ್ಟಿನ ತನಕ ಹೋಗಿರುವುದಿಲ್ಲ. ಭಾವನ ಹಾಗೆ ಬ್ಯಾಂಕಿನ ಜೊತೆ ಸೆಟಲ್‌ಮೆಂಟ್ ಮಾಡಿಕೊಂಡಿರುತ್ತಾರೆ. ಇಲ್ಲವೇ ಬ್ಯಾಂಕೇ ಕಾದು ಕಾದು ‘ರೈಟ್ ಆಫ್’ ಮಾಡಿರುತ್ತದೆ. ಮುಂದಿನದ್ದು ಅವರಿಗಾಗಿ.

ಹೆಜ್ಜೆ 1: ನಾಲ್ಕೂ ವರದಿ ತರಿಸಿ

ಸಾಲದ ಮಾಹಿತಿ ಇಡುವ ಕಂಪನಿ ಸಿಬಿಲ್ ಒಂದೇ ಅಲ್ಲ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಕೂಡ ಇವೆ. ಆರ್‌ಬಿಐ ನಿಯಮದಂತೆ ಪ್ರತಿ ಕಂಪನಿಯೂ ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಆಯಾ ಕಂಪನಿಯ ವೆಬ್‌ಸೈಟಿನಿಂದಲೇ ತೆಗೆಯಿರಿ. ಯಾವುದೋ ಆ್ಯಪ್‌ಗೆ ಪ್ಯಾನ್ ನಂಬರ್ ಕೊಡುವುದು ಬೇಡ.

ಎಲ್ಲರ ಕಣ್ಣೂ 300ರಿಂದ 900ರ ನಡುವಿನ ಸ್ಕೋರ್ ಮೇಲೆ ಬೀಳುತ್ತದೆ. ನೀವು ಒಳಗಿನ ಪುಟಗಳನ್ನು ಓದಿ. ಪ್ರತಿ ಸಾಲದ ಕೆಳಗೆ ತಿಂಗಳುವಾರು ಪಟ್ಟಿ ಇರುತ್ತದೆ. 000 ಎಂದಿದ್ದರೆ ಆ ತಿಂಗಳ ಕಂತು ಸರಿಯಾಗಿ ಕಟ್ಟಿದ್ದೀರಿ. 060 ಎಂದಿದ್ದರೆ 60 ದಿನ ತಡ. 90 ದಿನ ದಾಟಿದರೆ ಬ್ಯಾಂಕ್ ಅದನ್ನು ಎನ್‌ಪಿಎ, ಅಂದರೆ ಕೆಟ್ಟ ಸಾಲ, ಎಂದು ಗುರುತಿಸುತ್ತದೆ. ಆಮೇಲೆ ಸಾಲದ ಸ್ಥಿತಿ ನೋಡಿ. ‘ಕ್ಲೋಸ್ಡ್’ ಇದ್ದರೆ ಬಾಕಿ ಪೂರ್ತಿ ತೀರಿದೆ. ‘ಸೆಟಲ್ಡ್’ ಇದ್ದರೆ ಬ್ಯಾಂಕ್ ಒಂದಿಷ್ಟು ಬಿಟ್ಟುಕೊಟ್ಟಿದೆ. ‘ರಿಟನ್ ಆಫ್’ ಇದ್ದರೆ ಲೆಕ್ಕದಿಂದ ತೆಗೆದಿದೆ ಅಷ್ಟೇ, ನೀವು ಕೊಡಬೇಕಾದ ಹಣ ಹಾಗೇ ನಿಂತಿದೆ.

ಹೆಜ್ಜೆ 2: ‘ಸೆಟಲ್ಡ್’ ಅನ್ನು ‘ಕ್ಲೋಸ್ಡ್’ ಮಾಡಿಸಿ

ಜಾಸ್ತಿ ಸಮಯ, ಜಾಸ್ತಿ ತಾಳ್ಮೆ ಬೇಡುವುದು ಈ ಹೆಜ್ಜೆಯೇ. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಏಳು ವರ್ಷ ಸುಮ್ನೆ ಇದ್ದರೆ ಎಲ್ಲಾ ಅಳಿಸಿ ಹೋಗುತ್ತದೆ ಎಂದು ಹೇಳುವವರು ಸಿಗುತ್ತಾರೆ. ನಿಯಮ ಇರುವುದು ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕು ಎಂದು. ‘ಕನಿಷ್ಠ’ ಎಂಬ ಮಾತನ್ನು ಗಮನಿಸಿ. ಅಷ್ಟು ವರ್ಷ ಬಾಡಿಗೆ ಕಟ್ಟುತ್ತಾ ಕಾಯುವುದಕ್ಕಿಂತ ಹಳೆ ಬ್ಯಾಂಕಿಗೆ ಹೋಗುವುದು ಒಳ್ಳೆಯದು.

ಬ್ಯಾಂಕಿಗೆ ಬರವಣಿಗೆಯಲ್ಲೇ ಕೇಳಿ: ‘ಅಂದು ಬಿಟ್ಟುಕೊಟ್ಟ ಮೊತ್ತ ಎಷ್ಟು? ಅದನ್ನು ಈಗ ಕಟ್ಟಿದರೆ ಖಾತೆಯನ್ನು ಕ್ಲೋಸ್ಡ್ ಎಂದು ವರದಿ ಮಾಡುತ್ತೀರಾ?’ ಉತ್ತರವೂ ಬರವಣಿಗೆಯಲ್ಲೇ ಬರಲಿ. ಬಾಯಿಮಾತಿನ ಮೇಲೆ ಒಂದು ರೂಪಾಯಿಯೂ ಕಟ್ಟಬೇಡಿ. ಭಾವ ಹೋದಾಗ ಶಾಖೆಯಲ್ಲಿ ‘ಅದೆಲ್ಲ ಈಗ ಆಗಲ್ಲ’ ಎಂದು ಕಳಿಸಿದರು. ಅದೇ ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲ್ ಮಾಡಿದ ಮೇಲೆ ಲೆಕ್ಕ ಬಂತು. ಬಡ್ಡಿ, ದಂಡ ಎಂದು ಮೊತ್ತ ಊದಿಕೊಂಡಿತ್ತು. ದಂಡ ಕಡಿಮೆ ಮಾಡಿ ಎಂದು ಮತ್ತೆ ಬರೆದರು. ಸ್ವಲ್ಪ ಇಳಿಸಿದರು. ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ, ಅಲ್ವಾ?

ಇನ್ನೊಂದು ಕಾರ್ಡಿನ ಬಾಕಿಯನ್ನು ಬ್ಯಾಂಕ್ ಒಂದು ಆಸ್ತಿ ಪುನರ್‌ನಿರ್ಮಾಣ ಕಂಪನಿಗೆ ಮಾರಿಬಿಟ್ಟಿತ್ತು. ಬ್ಯಾಂಕುಗಳ ಕೆಟ್ಟ ಸಾಲ ಕೊಳ್ಳುವ ಇಂಥ ಕಂಪನಿಯನ್ನು ಜನ ಎಆರ್‌ಸಿ ಅನ್ನುತ್ತಾರೆ. ಹಾಗಾಗಿದ್ದರೆ ನೀವು ಮಾತಾಡಬೇಕಾದ್ದು ಆ ಕಂಪನಿಯ ಜೊತೆ. ಸಾಲ ಅವರ ಕೈಗೆ ಹೋಗಿದೆ ಎನ್ನುವ ಪತ್ರವನ್ನು ಹಳೆ ಬ್ಯಾಂಕಿನಿಂದ ಪಡೆದುಕೊಂಡು ಆಮೇಲೆ ಹಣ ಕಟ್ಟಿ.

ಕಟ್ಟಿದ ಮೇಲೆ ‘ನೋ ಡ್ಯೂಸ್’ ಪತ್ರ ಕೈಗೆ ಬರಬೇಕು. ಅದರಲ್ಲಿ ಖಾತೆ ನಂಬರ್, ಬಾಕಿ ಸೊನ್ನೆ ಎಂಬ ಮಾತು, ತಾರೀಕು, ಸಹಿ ಎಲ್ಲ ಇವೆಯಾ ನೋಡಿ. ಇದನ್ನು ಲ್ಯಾಮಿನೇಟ್ ಮಾಡಿಸಬೇಡಿ, ಫೈಲಿನಲ್ಲಿಟ್ಟು ಸ್ಕ್ಯಾನ್ ಮಾಡಿಕೊಳ್ಳಿ.

ಹೆಜ್ಜೆ 3: ವರದಿ ಬದಲಾಗಿದೆಯಾ ನೋಡಿ

2025ರ ಜನವರಿಯಿಂದ ಬ್ಯಾಂಕುಗಳು ಈ ಕಂಪನಿಗಳಿಗೆ ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು. ಒಂದೆರಡು ತಿಂಗಳಾದರೂ ಹಳೆಯದೇ ಕಾಣುತ್ತಿದ್ದರೆ ಸಿಬಿಲ್ ವೆಬ್‌ಸೈಟಿನಲ್ಲಿ ತಕರಾರು ಹಾಕಿ. ಶುಲ್ಕ ಇಲ್ಲ. ದೂರು ಕೊಟ್ಟ 30 ದಿನದೊಳಗೆ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು ಎಂದು ಆರ್‌ಬಿಐ ನಿಯಮವಿದೆ. ಆಗಲೂ ಕೆಲಸ ಆಗದಿದ್ದರೆ ಇಂಥ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. ಸಹಾಯವಾಣಿ 14448. ಅಲ್ಲಿಗೂ ಶುಲ್ಕ ಇಲ್ಲ.

‘ಸಿಬಿಲ್ ಕ್ಲೀನ್ ಮಾಡಿಕೊಡುತ್ತೇವೆ’ ಎಂದು ಸಾವಿರಾರು ರೂಪಾಯಿ ಕೇಳುವವರಿದ್ದಾರೆ. ಸರಿಯಾಗಿರುವ ಮಾಹಿತಿಯನ್ನು ಯಾರೂ ಅಳಿಸಲಾರರು. ತಪ್ಪು ಮಾಹಿತಿಯನ್ನು ನೀವೇ ಬಿಟ್ಟಿ ಸರಿಮಾಡಿಸಬಹುದು. ಕೈಯಲ್ಲಿ ಕಾಸಿಲ್ಲದವರನ್ನೇ ಇವರು ಹುಡುಕಿಕೊಂಡು ಬರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೆಜ್ಜೆ 4: ಹೊಸ ನಡತೆ ತೋರಿಸಿ

ಹಳೆಯದು ಮುಚ್ಚಿದರೆ ಸಾಲದು, ಈಗ ಸರಿಯಾಗಿ ಕಟ್ಟುತ್ತೀರಿ ಎನ್ನುವುದಕ್ಕೂ ದಾಖಲೆ ಬೇಕು. ಇದಕ್ಕೆ ಸುಲಭದ ದಾರಿ ಎಫ್‌ಡಿ ಮೇಲೆ ಕೊಡುವ ಕ್ರೆಡಿಟ್ ಕಾರ್ಡ್. ಸಣ್ಣ ಎಫ್‌ಡಿ ಇಟ್ಟರೆ ಹಳೆ ಸ್ಕೋರ್ ಕೆಟ್ಟಿದ್ದರೂ ಕೆಲವು ಬ್ಯಾಂಕುಗಳು ಕೊಡುತ್ತವೆ. ಕರೆಂಟ್ ಬಿಲ್, ಮೊಬೈಲ್ ರೀಚಾರ್ಜ್ ಅಷ್ಟಕ್ಕೇ ಬಳಸಿ. ಮಿತಿಯ ಮೂರನೇ ಒಂದು ಭಾಗ ದಾಟಬೇಡಿ. ಬಿಲ್ ಪೂರ್ತಿ ಕಟ್ಟಿ. ‘ಮಿನಿಮಮ್ ಡ್ಯೂ’ ಕಟ್ಟುವ ಅಭ್ಯಾಸವೇ ಭಾವನನ್ನು ಮುಳುಗಿಸಿದ್ದು.

ಬ್ಯಾಂಕಿನ ಜೊತೆ ಸೆಟಲ್‌ಮೆಂಟ್ ಮಾಡಿಕೊಂಡವರಿಗೆ ಮತ್ತೆ ಸಾಲ ಕೊಡುವ ಮುಂಚೆ ಕನಿಷ್ಠ 12 ತಿಂಗಳು ಬಿಡುವು ಇರಬೇಕು ಎಂದು 2023ರ ಜೂನ್‌ನಲ್ಲಿ ಆರ್‌ಬಿಐ ಹೇಳಿದೆ. ಕೃಷಿ ಸಾಲದ ಲೆಕ್ಕ ಬೇರೆ. ನನ್ನನ್ನು ಕೇಳಿದರೆ ಎರಡು ವರ್ಷ ಇಟ್ಟುಕೊಳ್ಳಿ. ಆ ಎರಡು ವರ್ಷದಲ್ಲಿ ಕಂಡಕಂಡಲ್ಲಿ ಸಾಲಕ್ಕೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯೂ ವರದಿಯಲ್ಲಿ ಬೀಳುತ್ತದೆ.

ಹೆಜ್ಜೆ 5: ಕೈಯಲ್ಲಿ ಹಣ ಕೂಡಿಸಿ

30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ 90, 30ರಿಂದ 75 ಲಕ್ಷದ ಸಾಲಕ್ಕೆ ಶೇ 80, ಅದಕ್ಕೂ ಮೇಲಿನ ಸಾಲಕ್ಕೆ ಶೇ 75, ಇಷ್ಟರವರೆಗೆ ಮಾತ್ರ ಬ್ಯಾಂಕ್ ಸಾಲ ಕೊಡಬಹುದು. ಇದು ಗರಿಷ್ಠ. ಹಳೆಯ ಕಲೆ ಇರುವವರಿಗೆ ಇನ್ನೂ ಕಡಿಮೆ ಕೊಡುತ್ತಾರೆ. ಬೆಂಗಳೂರಿನಲ್ಲಿ 50 ಲಕ್ಷದ ಫ್ಲಾಟ್ ಎಂದುಕೊಳ್ಳಿ. ಹೆಚ್ಚೆಂದರೆ 40 ಲಕ್ಷ ಸಾಲ. ಮೇಲೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್, 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿರುವ ನೋಂದಣಿ ಶುಲ್ಕ. ಸೇರಿಸಿದರೆ ಸುಮಾರು 3.8 ಲಕ್ಷ. ಇದಕ್ಕೆ ಸಾಲ ಸಿಗುವುದಿಲ್ಲ.

ಆಸ್ತಿ ಪತ್ರಗಳೂ ಚೊಕ್ಕ ಇರಲಿ. ಇ-ಖಾತಾ, ಋಣಭಾರ ಪತ್ರ ಮೊದಲೇ ತೆಗೆಸಿಡಿ. ನಿಮ್ಮ ವರದಿಯಲ್ಲಿ ಒಂದು ಕೊರತೆ ಇರುವಾಗ ಬಿ ಖಾತಾ ಮನೆಯ ಸಹವಾಸ ಬೇಡ.

ಹೆಜ್ಜೆ 6: ನೀವೇ ಮೊದಲು ಹೇಳಿ

ಅರ್ಜಿ ಕೊಡುವ ಮುಂಚೆ, ಸಂಬಳ ಬರುವ ಬ್ಯಾಂಕಿನ ಮ್ಯಾನೇಜರನ್ನು ಭೇಟಿ ಮಾಡಿ. ಏನಾಯಿತು, ಯಾವಾಗ ಆಯಿತು, ಹೇಗೆ ತೀರಿಸಿದಿರಿ ಎಂದು ಒಂದೇ ಪುಟದಲ್ಲಿ ಬರೆದುಕೊಂಡು ಹೋಗಿ. ನೋ ಡ್ಯೂಸ್ ಪತ್ರ ಲಗತ್ತಿಸಿ. ಭಾವ ಎರಡನೇ ಸಲ ಹೋದಾಗ ಹೀಗೆ ಮಾಡಿದರು. ‘ಇದನ್ನು ನೀವೇ ತಂದಿದ್ದು ಒಳ್ಳೆಯದಾಯಿತು’ ಎಂದು ಮ್ಯಾನೇಜರ್ ಹೇಳಿದರು. ಶಿಕ್ಷಕಿಯಾದ ಅಕ್ಕನನ್ನು ಸಹ-ಅರ್ಜಿದಾರರಾಗಿ ಸೇರಿಸಿದ್ದೂ ನೆರವಾಯಿತು. ನೆನಪಿರಲಿ, ಸಹ-ಅರ್ಜಿದಾರರ ವರದಿಯನ್ನೂ ನೋಡುತ್ತಾರೆ. ಕಂತು ತಪ್ಪಿದರೆ ಅವರ ಹೆಸರಿಗೂ ಕಪ್ಪು ಬೀಳುತ್ತದೆ.

ಬ್ಯಾಂಕ್ ಒಪ್ಪದಿದ್ದರೆ ಗೃಹ ಹಣಕಾಸು ಕಂಪನಿಗಳಿವೆ. ಬಡ್ಡಿ ಜಾಸ್ತಿ. ಲೆಕ್ಕ ಹಾಕಿ ನೋಡಿ: 30 ಲಕ್ಷ, 20 ವರ್ಷ, ಶೇ 8.5 ಆದರೆ ತಿಂಗಳ ಕಂತು 26,035 ರೂಪಾಯಿ. ಶೇ 11 ಆದರೆ 30,966. ತಿಂಗಳಿಗೆ ಸುಮಾರು 4,900 ವ್ಯತ್ಯಾಸ, ಪೂರ್ತಿ ಅವಧಿಗೆ 11.8 ಲಕ್ಷ. ಈ ದೊಡ್ಡ ಕಂತು ಕಟ್ಟಲು ಆಗುತ್ತದಾ ಎಂದು ಮನೆಯಲ್ಲಿ ಕೂತು ಮಾತಾಡಿ. ಮೂರು ತಿಂಗಳು ಅಷ್ಟು ಹಣ ಆರ್‌ಡಿಗೆ ಹಾಕಿ ನೋಡಿ. ಆಗದಿದ್ದರೆ ಚಿಕ್ಕ ಮನೆ ನೋಡಿ, ಇಲ್ಲವೇ ಇನ್ನೊಂದು ವರ್ಷ ನಿಲ್ಲಿ.

ಜಾಸ್ತಿ ಬಡ್ಡಿಗೆ ತಗೊಂಡರೂ 20 ವರ್ಷ ಅದೇ ಬಡ್ಡಿ ಕಟ್ಟಬೇಕಾಗಿಲ್ಲ. ಫ್ಲೋಟಿಂಗ್, ಅಂದರೆ ಏರಿಳಿಯುವ, ದರದ ಮನೆ ಸಾಲವನ್ನು ಸಾಲ ಪಡೆದ ವ್ಯಕ್ತಿ ಮುಂಚೆಯೇ ತೀರಿಸಿದರೆ ದಂಡ ಹಾಕುವಂತಿಲ್ಲ. ಒಂದೂವರೆ, ಎರಡು ವರ್ಷ ಕಂತು ತಪ್ಪದೆ ಕಟ್ಟಿ, ಸ್ಕೋರ್ ಏರಿದ ಮೇಲೆ ಕಡಿಮೆ ಬಡ್ಡಿಯ ಬ್ಯಾಂಕಿಗೆ ವರ್ಗಾಯಿಸಿ. ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ ಎಷ್ಟೆಂದು ಕೇಳಿಕೊಳ್ಳಿ. ಹಳೆ ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ಅವರು ಬಿಟ್ಟುಕೊಡಬೇಕು. ತಮ್ಮ ತಪ್ಪಿನಿಂದ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು. ಭಾವ 18 ಕಂತು ಮುಗಿಸಿದ್ದಾರೆ. ವರ್ಗಾವಣೆ ಅರ್ಜಿ ಕಳೆದ ವಾರ ಕೊಟ್ಟು ಬಂದರು.